ಕರೀ ಪರದೆಗೆ ಬೀಗರು ಬಂದದ್ದು

ನನ್ನ ಲ್ಯಾಪ್‌ಟಾಪ್ ಕಂಡವರೆಲ್ಲ ಮೊದಲು ಕೇಳುವುದು, ‘ಕೆಟ್ಟೈತೇನ್ರೀ ಇದು?’ ಅಂತ. ಕೆಟ್ಟಿಲ್ಲ. ಕರೀ ಪರದೆ, ಅದರ ಮೇಲೆ ಬೂದು ಬಣ್ಣದ ಅಕ್ಷರ, ಒಂದು ಮೂಲೆಯಲ್ಲಿ ಕಣ್ಣು ಮಿಟುಕಿಸುವ ಸಣ್ಣ ಕಡ್ಡಿ, ಇಷ್ಟಿದ್ದರೆ ಅದು ಗಟ್ಟಿಮುಟ್ಟಾಗಿದೆ ಎಂದೇ ಲೆಕ್ಕ. ಹನ್ನೆರಡು ವರ್ಷದ ಯಂತ್ರ. ಈಗಿನ ಬ್ರೌಸರ್ ಒಂದನ್ನು ಅದರಲ್ಲಿ ತೆರೆದರೆ ಒಳಗಿನ ಫ್ಯಾನು ಕಾರಟಗಿಯ ರೈಸ್‌ಮಿಲ್ಲಿನ ಹಾಗೆ ಸದ್ದು ಹೊಡೆಯುತ್ತದೆ. ಐದು ನಿಮಿಷಕ್ಕೆ ತೊಡೆಯ ಮೇಲೆ ರೊಟ್ಟಿ ಹಂಚು ಇಟ್ಟುಕೊಂಡಂತಾಗುತ್ತದೆ. ಅದಕ್ಕೇ ನಾನು ಟೆಕ್ಸ್ಟ್ ಬ್ರೌಸರಿನ ಪೈಕಿ. ಅದರಲ್ಲಿ ಚಿತ್ರವಿಲ್ಲ, ವಿಡಿಯೋ ಇಲ್ಲ, ಅಡ್ಡ ಬಂದು ನಿಲ್ಲುವ ಜಾಹೀರಾತಿಲ್ಲ. ಪುಟದಲ್ಲಿ ಮಾತು ಎಷ್ಟಿದೆಯೋ ಅಷ್ಟನ್ನು ಮಾತ್ರ ಸೋಸಿ ಸಾಲಾಗಿ ಇಡುತ್ತದೆ. ಇಲಿಯೂ ಬೇಡ, ಬಾಣದ ಕೀಲಿಗಳು ಸಾಕು.

ನಾನಿರುವ ಊರು ಕನಕಗಿರಿ. ‘ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು’ ಎಂದು ನಾಡೆಲ್ಲ ಆಡಿಕೊಳ್ಳುವ ಊರು. ಕನಕಾಚಲಪತಿ ಗುಡಿಯ ಗೋಪುರದ ಗಾರೆ ಗೊಂಬೆಗಳನ್ನು ನೋಡುತ್ತ ಕತ್ತು ಹಿಡಿದುಕೊಂಡು ಹೋದವರನ್ನು ನಾನೇ ಕಂಡಿದ್ದೇನೆ. ಅಂಥ ಊರಿನಲ್ಲಿ ಕೂತು ಚಿತ್ರವೇ ಇಲ್ಲದ ಬ್ರೌಸರ್ ಬಳಸುವುದು ಊರಿಗೆ ಮಾಡುವ ಅವಮಾನ ಎಂದು ನಮ್ಮ ಮನೆಯಾಕೆಯ ಅಭಿಪ್ರಾಯ. ‘ಜಗತ್ತೆಲ್ಲ ಟಿವಿ ನೋಡಾಕತ್ತಾಗ ನೀವೊಬ್ರು ರೇಡಿಯೋ ಹಿಡ್ಕೊಂಡು ಕುಂತಂಗ’ ಎನ್ನುತ್ತಾಳೆ. ರೇಡಿಯೋ ಕೆಟ್ಟದ್ದೆಂದು ಯಾರು ಹೇಳಿದರೋ ಗೊತ್ತಿಲ್ಲ.

ಈ ಚಟ ಹತ್ತಿದ್ದು ಬೆಂಗಳೂರಿನಲ್ಲಿ. ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಬಾಗಿಲು ತೆರೆದದ್ದು 1995ರ ಆಗಸ್ಟ್ 15ಕ್ಕೆ, ವಿಎಸ್‌ಎನ್‌ಎಲ್ ಮೂಲಕ. ಅದಾಗಿ ಎರಡು ವರ್ಷಕ್ಕೆ ನಾನು ಅಲ್ಲಿ ಒಂದು ಸಣ್ಣ ನೌಕರಿಯಲ್ಲಿದ್ದೆ. ಚಿತ್ರ ಸಮೇತ ವೆಬ್ ನೋಡುವ ಸಂಪರ್ಕ ಸಾಹುಕಾರರದು. ನಮ್ಮಂಥವರಿಗೆ ಶೆಲ್ ಅಕೌಂಟ್. ಮೋಡೆಮ್ಮು ಬೆಕ್ಕಿನ ಜಗಳದಂತೆ ಕಿರುಚಿ ಸುಮ್ಮನಾದ ಮೇಲೆ ಕರೀ ಪರದೆಯಲ್ಲಿ ಒಂದು ಮೆನು ಬರುತ್ತಿತ್ತು. ಟಪಾಲಿಗೆ ಪೈನ್, ವೆಬ್ಬಿಗೆ ಲಿಂಕ್ಸ್. ಚಿತ್ರ ಇರಬೇಕಾದ ಕಡೆ ಚೌಕ ಕಂಸದೊಳಗೆ ‘ಇನ್‌ಲೈನ್’ ಎಂಬ ಒಂದು ಪದ. ಜಗತ್ತಿನ ಎಷ್ಟೋ ಸುಂದರ ವಸ್ತುಗಳನ್ನು ನಾನು ಮೊದಲು ನೋಡಿದ್ದು ಹೀಗೆ ‘ಇನ್‌ಲೈನ್’ ಆಗಿಯೇ.

ಆ ಲಿಂಕ್ಸ್ ಹುಟ್ಟಿದ್ದು 1992ರಲ್ಲಿ, ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದಲ್ಲಿ. ಬರೆದವರಲ್ಲಿ ಒಬ್ಬ ಲೂ ಮೊಂಟುಲಿ ಎಂಬ ವಿದ್ಯಾರ್ಥಿ. ಮುಂದೆ ಈತ ನೆಟ್‌ಸ್ಕೇಪ್ ಸೇರಿದ; ನಮ್ಮನ್ನು ಇಂದಿಗೂ ‘ಒಪ್ಪುತ್ತೀರಾ, ಒಪ್ಪುತ್ತೀರಾ’ ಎಂದು ಪೀಡಿಸುವ ಕುಕೀ ಈತನದೇ ಕೊಡುಗೆ. ಇನ್ನೊಂದು ಪೀಡೆಗೂ ಇವನೇ ಮೂಲ. 1994ರ ಒಂದು ಸಂಜೆ ಗೆಳೆಯರೊಡನೆ ಕುಡಿಯುತ್ತ ಕೂತವನು, ‘ನೀವು ಯೋಚಿಸುತ್ತಿರುವ ಅಲಂಕಾರ ಯಾವುದೂ ನನ್ನ ಹಳೇ ಲಿಂಕ್ಸಿನಲ್ಲಿ ಆಗುವುದಿಲ್ಲ, ಆದರೆ ಅಕ್ಷರ ಮಿಣುಕಿಸುವುದೊಂದು ಆದೀತು’ ಎಂದು ನಗೆಯಾಡಿದನಂತೆ. ಬೆಳಗಾಗುವಷ್ಟರಲ್ಲಿ ಒಬ್ಬ ಸಹೋದ್ಯೋಗಿ ಅದನ್ನು ಬರೆದೇಬಿಟ್ಟಿದ್ದ. ಆಮೇಲೆ ಹತ್ತು ವರ್ಷ ಜಗತ್ತಿನ ಪುಟಗಳೆಲ್ಲ ಜಾತ್ರೆಯ ಸೀರಿಯಲ್ ಸೆಟ್ಟಿನಂತೆ ಮಿಣುಕಿದವು. ಟೆಕ್ಸ್ಟ್ ಬ್ರೌಸರನ್ನು ಗೇಲಿ ಮಾಡಲು ಹೋಗಿ ಚೆಂದದ ಬ್ರೌಸರೇ ಕೆಟ್ಟ ಕಥೆ ಇದು.

ಇಷ್ಟೆಲ್ಲ ನೆನಪಾಗಲು ಕಾರಣ ಗೇಟ್ ನಂಬರ್ 19.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ಡ್ಯಾಮು. ಮರುದಿನದಿಂದ ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆ ಯಾರೂ ಯಾರಿಗೂ ‘ಆರಾಮೇನ್ರಿ’ ಎನ್ನಲಿಲ್ಲ. ‘ಎಷ್ಟೈತ್ರೀ?’ ಎಂದರೆ ಸಾಕು, ನೀರಿನ ಮಟ್ಟ ಎಂದೇ ಅರ್ಥ. 1633 ಅಡಿ ತುಂಬಿದ ಗುರುತು. ಅಲ್ಲಿಂದ ಒಂದೊಂದು ಅಡಿ ಇಳಿದರೂ ಎಡದಂಡೆ ಕಾಲುವೆಯ ಕೆಳಗಿನ ಭತ್ತದ ಗದ್ದೆಯವರ ಎದೆಯಲ್ಲಿ ಒಂದೊಂದು ಅಡಿ ಇಳಿದಂತೆ. ನಮ್ಮ ಮನೆಯಾಕೆಯ ತವರಿನ ಮೂರು ಎಕರೆ ಕಾರಟಗಿ ಕಡೆ ಇರುವುದರಿಂದ ನನಗೂ ಆ ಪ್ರಶ್ನೆ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು, ಅದೂ ಅಡುಗೆಮನೆಯಿಂದ.

ಮಟ್ಟ ತೋರಿಸುವ ಪುಟಗಳು ಹಲವು. ನನಗೆ ಯಾರೋ ಕಳಿಸಿದ್ದು ಒಂದರ ಕೊಂಡಿ. ಅದು ಯಾರದೆಂಬುದು ಬೇಡ. ತೆರೆದೆ. ಪರದೆಯ ಮೇಲೆ ಒಂದೇ ಸಾಲು ಬಂತು: ಈ ಪುಟ ನೋಡಲು ದಯವಿಟ್ಟು ಜಾವಾಸ್ಕ್ರಿಪ್ಟ್ ಸಕ್ರಿಯಗೊಳಿಸಿ. ಕೆಳಗೆಲ್ಲ ಕತ್ತಲು.

ನಾಲ್ಕಂಕಿಯ ಒಂದು ಸಂಖ್ಯೆ ಓದಲು ಏನನ್ನೋ ಸಕ್ರಿಯಗೊಳಿಸಬೇಕಂತೆ. ಕೊಪ್ಪಳದ ಗವಿಮಠದ ಬೆಟ್ಟದ ಮೇಲೆ ಅಶೋಕನ ಶಾಸನವಿದೆ, ಪಾಲ್ಕಿಗುಂಡಿನ ಮೇಲೆ ಇನ್ನೊಂದಿದೆ. ಲೋಕಕ್ಕೆ ಅವುಗಳ ಪರಿಚಯವಾದದ್ದು 1931ರಲ್ಲಿ. ಎರಡು ಸಾವಿರದ ಇನ್ನೂರು ಚಿಲ್ಲರೆ ವರ್ಷ ಬಿಸಿಲು ಮಳೆ ಉಂಡು ನಿಂತ ಬಂಡೆಗಳು. ಬ್ರಾಹ್ಮಿ ಗೊತ್ತಿದ್ದವನು ಹತ್ತಿ ಹೋದರೆ ಸುಮ್ಮನೆ ಓದಿಸಿಕೊಳ್ಳುತ್ತವೆ. ‘ದೇವಾನಾಂಪ್ರಿಯನ ಮಾತು ಕೇಳಲು ಮೊದಲು ಇದನ್ನು ಹಾಕಿಕೊಳ್ಳಿ’ ಎಂದು ಅಲ್ಲೆಲ್ಲೂ ಕೆತ್ತಿಲ್ಲ. ಒಂದು ಲಿಪಿ ಬಂದರೆ ಸಾಕು. ಲಿಪಿಗೂ ಇಂಗ್ಲಿಷಿನಲ್ಲಿ ಸ್ಕ್ರಿಪ್ಟ್ ಎಂದೇ ಅನ್ನುತ್ತಾರೆ, ನಾಟಕದ ಬರಹಕ್ಕೂ ಅದೇ, ಕಂಪ್ಯೂಟರಿಗೆ ಕೊಡುವ ಈ ಚಿಲ್ಲರೆ ಅಪ್ಪಣೆಗಳಿಗೂ ಅದೇ. ಒಂದೇ ಹೆಸರಿನ ಮೂವರಲ್ಲಿ ಮೂರನೆಯವನು ಮಾತ್ರ ಮನೆಯೊಳಗೆ ಬರುವ ಮುಂಚೆ ಕಾಲು ತೊಳೆಯಲು ಬಿಸಿನೀರು ಕೇಳುತ್ತಾನೆ.

ಆ ಬುಧವಾರ ರಾತ್ರಿ ಅಳಿಯ ಬಂದ. ಅಕ್ಕನ ಮಗ, ಬೆಂಗಳೂರಿನಲ್ಲಿ ಸಾಫ್ಟ್‌ವೇರು. ಗುರುವಾರ ಸ್ವಾತಂತ್ರ್ಯ ದಿನ, ಶುಕ್ರವಾರ ಒಂದು ರಜೆ ಒಗೆದರೆ ಭಾನುವಾರದವರೆಗೆ ಬಿಡುವು. ಕರೀ ಪರದೆಯ ಮೇಲಿನ ಒಂಟಿ ಸಾಲು ನೋಡಿ ಅವನ ಮುಖ ಅರಳಿತು.

‘ಮಾಮಾ, ಇದಕ್ಕ ಜಾವಾಸ್ಕ್ರಿಪ್ಟ್ ನಾ ಹಾಕ್ತೀನಿ.’

‘ಹಾಕಿದ್ದು ಎಲ್ಲೂ ಸಿಗಂಗಿಲ್ಲೇನು?’

‘ಸಿಗ್ತೈತಿ. ಅರ್ಧ ತಾಸಿನ ಕೆಲಸ.’

ಆದರೆ ರಜೆಯಲ್ಲಿ ಅರ್ಧ ತಾಸಿನ ಕೆಲಸ ಎಂಜಿನಿಯರುಗಳಿಗೆ ಒಗ್ಗುವುದಿಲ್ಲ. ಕಾಲೇಜಿನಲ್ಲಿದ್ದಾಗ ಪ್ರಾಜೆಕ್ಟಿಗೆಂದು ತಾನೇ ಸಿ ಭಾಷೆಯಲ್ಲಿ ಬರೆದ ಪುಟ್ಟ ಟೆಕ್ಸ್ಟ್ ಬ್ರೌಸರೊಂದು ಅವನ ಬಳಿ ಇತ್ತು. ಅದನ್ನು ಹೊರಗೆ ತೆಗೆದು ಧೂಳು ಒರೆಸಿದ. ಗುರುವಾರದಿಂದ ಮೂರು ರಾತ್ರಿಯ ಕೆಲಸ ಎಂದ.

ಜಾವಾಸ್ಕ್ರಿಪ್ಟನ್ನು ಬ್ರೆಂಡನ್ ಐಕ್ ಎಂಬಾತ 1995ರ ಮೇ ತಿಂಗಳಲ್ಲಿ ಹತ್ತು ದಿನದಲ್ಲಿ ಮಾಡಿಕೊಟ್ಟ ಎಂದು ಅಳಿಯ ಭಕ್ತಿಯಿಂದ ಹೇಳಿದ. ಅದೂ ನೆಟ್‌ಸ್ಕೇಪಿನ ಮನೆಯಲ್ಲೇ. ಮೊದಲು ಮೋಕಾ ಎಂದು ಹೆಸರಿಟ್ಟರು, ಆಮೇಲೆ ಲೈವ್‌ಸ್ಕ್ರಿಪ್ಟ್ ಅಂದರು, ವರ್ಷ ಮುಗಿಯುವುದರೊಳಗೆ ಜಾವಾಸ್ಕ್ರಿಪ್ಟ್ ಎಂದು ಮೂರನೆಯ ನಾಮಕರಣವಾಯಿತು. ಜಾವಾ ಎಂಬ ಬೇರೊಂದು ಭಾಷೆಯ ಹೆಸರು ಆಗ ಜೋರಾಗಿತ್ತು, ಅದಕ್ಕೆ. ನಮ್ಮಲ್ಲಿ ಮದುವೆಯ ಹಂದರಕ್ಕೇ ಹತ್ತು ದಿನ ಸಾಲುವುದಿಲ್ಲ. ಆ ಅವಸರದ ಗುರುತು ಇನ್ನೂ ಮೈಮೇಲೆ ಇದೆಯಂತೆ. ಅಳಿಯ ತೋರಿಸಿದ: ಈ ಭಾಷೆಯಲ್ಲಿ ಸೊನ್ನೆಯೂ ಖಾಲಿ ಪದವೂ ಸಮ. ಸೊನ್ನೆಯೂ, ಅಕ್ಷರವಾಗಿ ಬರೆದ ‘0’ ಕೂಡ ಸಮ. ಆದರೆ ಖಾಲಿ ಪದವೂ ಅಕ್ಷರದ ‘0’ ಕೂಡ ಸಮವಲ್ಲ. ಇದರಲ್ಲಿ ಅವನಿಗೆ ಆಶ್ಚರ್ಯ ಕಂಡಿತು. ನನಗೆ ಕಾಣಲಿಲ್ಲ. ನಮ್ಮ ಓಣಿಯಲ್ಲಿ ಎಡಮನೆಯವರು ನಮಗೆ ಬೇಕಾದವರು, ಬಲಮನೆಯವರೂ ಬೇಕಾದವರು, ಅವರವರಿಗೆ ಮಾತ್ರ ಹದಿನೈದು ವರ್ಷದಿಂದ ಮಾತಿಲ್ಲ.

ಭಾಷೆ ಅರ್ಥಮಾಡಿಕೊಳ್ಳುವ ಎಂಜಿನ್ ಹೊಸದಾಗಿ ಬರೆಯಬೇಕಿಲ್ಲ. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ 2019ರಲ್ಲಿ ಕ್ವಿಕ್‌ಜೆಎಸ್ ಎಂಬ ಒಂದನ್ನು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಸಣ್ಣದು, ಯಾರ ಹಂಗೂ ಇಲ್ಲದ್ದು, ನಾಲ್ಕಾರು ಸಿ ಕಡತ ತಂದು ಜೋಡಿಸಿದರೆ ಮುಗಿಯಿತು. ಅಳಿಯ ಅದನ್ನು ಮೊದಲ ರಾತ್ರಿ ಊಟಕ್ಕೆ ಮುಂಚೆಯೇ ಕೂಡಿಸಿಬಿಟ್ಟ. ಎರಡಕ್ಕೆ ಎರಡು ಕೂಡಿಸಿ ನಾಲ್ಕು ಎಂದು ಕರೀ ಪರದೆ ಹೇಳಿತು. ‘ಇಷ್ಟೇನಾ?’ ಎಂದೆ. ‘ಬೀಗರು ಬಸ್ ಇಳಿದಾರ ಮಾಮಾ, ಇನ್ನೂ ಮನಿಗೆ ಬಂದಿಲ್ಲ’ ಎಂದ.

ಬೀಗರು ಮನೆಗೆ ಬಂದ ಮೇಲೆ ತಿಳಿಯಿತು. ಎಂಜಿನ್ನಿಗೆ ಲೆಕ್ಕ ಬರುತ್ತದೆ, ಭಾಷೆ ಬರುತ್ತದೆ. ಪುಟ ಎಂದರೇನೆಂದು ಗೊತ್ತಿಲ್ಲ. ಇಲ್ಲಿ ನಾನು ತೊಗಲುಗೊಂಬೆ ನೆನೆಯದೆ ಮುಂದೆ ಹೋಗಲಾರೆ. ನಮ್ಮ ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ಶಿಳ್ಳೆಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಆ ಕಲೆ. ಪರದೆಯ ಈಚೆ ಕೂತವರಿಗೆ ಕಾಣುವುದು ಒಂದು ಇಡೀ ರಾವಣ. ಆಚೆ ಕೂತವರ ಕೈಯಲ್ಲಿರುವುದು ತೋಳು ಬೇರೆ, ತೊಡೆ ಬೇರೆ, ದಾರದಲ್ಲಿ ಪೋಣಿಸಿದ ತೊಗಲಿನ ತುಂಡುಗಳು. ಯಾವ ಕಡ್ಡಿ ಎಳೆದರೆ ಯಾವ ತುಂಡು ಏಳುತ್ತದೆ ಎಂಬ ಲೆಕ್ಕ. ಅಳಿಯನ ಕಾಲೇಜಿನ ಬ್ರೌಸರು ಪುಟವನ್ನು ಓದುತ್ತ ಓದುತ್ತಲೇ ಅಚ್ಚು ಒತ್ತಿ, ತುಂಡುಗಳನ್ನು ಎಸೆದುಬಿಡುತ್ತಿತ್ತು. ಬರೀ ಓದುವವನಿಗೆ ಅಷ್ಟು ಸಾಕು. ಸ್ಕ್ರಿಪ್ಟು ಬಂದು ‘ಆ ಎಡಗೈ ಸ್ವಲ್ಪ ಎತ್ತಿ’ ಎಂದರೆ ಕೈಯೇ ಇಲ್ಲ. ಹಾಗಾಗಿ ಪುಟದ ಪ್ರತಿ ತುಂಡನ್ನೂ, ಯಾವುದು ಯಾವುದರೊಳಗಿದೆ ಎಂಬ ವಂಶವೃಕ್ಷ ಸಮೇತ, ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಒಂದು ತುಂಡು ಅಲುಗಿದರೆ ಪರದೆಯನ್ನು ಮತ್ತೆ ಬಿಡಿಸಬೇಕು. ಮೊದಲ ರಾತ್ರಿ ಹೋಗಿದ್ದು ಇದಕ್ಕೇ. ಬೆಳಿಗ್ಗೆ ಏಳು ಗಂಟೆಗೆ ನಾನು ಮಂಡಾಳ ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡು ಬಂದಾಗ ಅವನು ಇನ್ನೂ ತೋಳಿಗೆ ತೋಳು ಪೋಣಿಸುತ್ತಿದ್ದ.

ಎರಡನೆಯ ರಾತ್ರಿ ಸುಳ್ಳಿನ ರಾತ್ರಿ. ಬೀಗರು ಒಳಗೆ ಬಂದವರೇ ಮನೆಯ ಅಳತೆ ಕೇಳತೊಡಗಿದರು. ಕಿಟಕಿ ಎಷ್ಟು ಅಗಲ, ಎಷ್ಟು ಪಿಕ್ಸೆಲ್? ನಮ್ಮ ಕರೀ ಪರದೆಯಲ್ಲಿ ಪಿಕ್ಸೆಲ್ ಎಲ್ಲಿಂದ ಬರಬೇಕು? ಇರುವುದು 80 ಕಾಲಮ್ಮು, 24 ಸಾಲು. ಆ 80 ಕೂಡ ನಿನ್ನೆ ಮೊನ್ನೆಯದಲ್ಲ, 1928ರಲ್ಲಿ ಐಬಿಎಂ ಕಂಪನಿ ಮಾಡಿದ ತೂತಿನ ಕಾರ್ಡಿನಿಂದ ಬಂದ ಪಿತ್ರಾರ್ಜಿತ ಆಸ್ತಿ. ಒಂದು ಅಕ್ಷರ ಎಂಟು ಪಿಕ್ಸೆಲ್ ಅಗಲ ಎಂದು ಹಿಡಿದು ಅಳಿಯ ಪ್ರಾಮಾಣಿಕವಾಗಿ 640 ಎಂದು ಉತ್ತರ ಕೊಡಿಸಿದ. ಬೀಗರು ಕೂಡಲೇ ನಮ್ಮನ್ನು ಮೊಬೈಲ್ ಫೋನು ಎಂದು ತಿಳಿದು, ಮೆನುವನ್ನೆಲ್ಲ ಮಡಚಿ ಮೂರು ಗೆರೆಯೊಳಗೆ ಬಚ್ಚಿಟ್ಟು, ‘ಬೆರಳಿನಿಂದ ಒತ್ತಿ’ ಎಂದರು. ಬೆರಳಿಗೆ ಜಾಗವಿಲ್ಲ. ಆಮೇಲೆ 1280 ಎಂದು ಸುಳ್ಳು ಹೇಳಿಸಿದ. ಸರಿಹೋಯಿತು. ಸುಳ್ಳು ಒಂದಕ್ಕೇ ನಿಲ್ಲಲಿಲ್ಲ. ಇಲಿ ಇದೆಯೇ? ಇದೆ. ಈ ಬಟನ್ ಮೇಲಿನಿಂದ ಎಷ್ಟು ಕೆಳಗಿದೆ? ಇನ್ನೂರು. ನೀವು ಯಾವ ಬ್ರೌಸರು? ಇಲ್ಲಿ ಮಾತ್ರ ಅಳಿಯ ಒಂದು ಕ್ಷಣ ತಡೆದು, ಒಂದು ದೊಡ್ಡ ಬ್ರೌಸರಿನ ಹೆಸರು ಹೇಳಿಸಿದ. ಹೆಣ್ಣು ನೋಡಲು ಬಂದವರಿಗೆ ಪಕ್ಕದ ಮನೆಯ ಸೋಫಾ ತಂದು ಹಾಕಿ ತೋರಿಸುವ ಪದ್ಧತಿ ನಮ್ಮ ಕಡೆಯದು ಮಾತ್ರ ಎಂದುಕೊಂಡಿದ್ದೆ.

ನಡುವೆ ಅವನಿಗೆ ನಿದ್ದೆ ತಡೆಯಲೆಂದು ಚಹಾ ಮಾಡಿಕೊಟ್ಟು, ಈ ದಾರಿಯಲ್ಲಿ ಹಿಂದೆ ಹೋದವರ ವಿಚಾರ ಕೇಳಿದೆ. ಬಹಳ ಜನ ಹೋಗಿದ್ದಾರೆ. ಹಳೇ ಲಿಂಕ್ಸ್ ಮಾತ್ರ ಹಟ ಹಿಡಿದು ಹೋಗಲೇ ಇಲ್ಲ, ಇಂದಿಗೂ ಜಾವಾಸ್ಕ್ರಿಪ್ಟನ್ನು ಹೊಸ್ತಿಲು ದಾಟಿಸಿಲ್ಲ. 1999ರ ಸುಮಾರಿಗೆ ಜೆಕ್ ದೇಶದ ಮಿಕುಲಾಶ್ ಪತೋಚ್ಕಾ ಇನ್ನೊಂದು ಲಿಂಕ್ಸ್ ಬರೆದರು. ಒಂದು ಕಾಡುಬೆಕ್ಕಿನ ಲಿಂಕ್ಸ್, ಇನ್ನೊಂದು ಕೊಂಡಿಯ ಲಿಂಕ್ಸ್. ಇಂಗ್ಲಿಷಿನಲ್ಲಿ ಬರೆದರೆ ಬೇರೆ ಬೇರೆ, ಕೂಗಿದರೆ ಒಂದೇ. ನಮ್ಮೂರ ರಥಬೀದಿಯಲ್ಲಿ ನಿಂತು ‘ಕನಕಪ್ಪಾ’ ಎಂದರೆ ಹತ್ತು ಜನ ತಿರುಗುವ ಹಾಗೆ. ಈ ಎರಡನೆಯ ಲಿಂಕ್ಸಿಗೆ ಸ್ಕ್ರಿಪ್ಟು ಬಂತು, ಕೆಲವು ವರ್ಷ ಇತ್ತು, ಆಮೇಲೆ ತೆಗೆದೇಹಾಕಿದರು. ಅದರಿಂದಲೇ 2001ರಲ್ಲಿ ಪೆಟ್ರ್ ಬೌಡಿಶ್ ಎಂಬವರು ಕವಲು ಒಡೆಸಿದ್ದು ಇಲಿಂಕ್ಸ್. ನಾನು ದಿನಾ ಬಳಸುವುದು ಇದೇ. ಹೆಸರಿನಲ್ಲಿ ಇಲಿ ಇದ್ದರೂ ಇಲಿ ಬೇಡದ ಬ್ರೌಸರ್.

ಇವರೆಲ್ಲ ಹವ್ಯಾಸಕ್ಕೆ ಹೋದವರು ಎನ್ನಬಹುದು. ಹಸಿವಿಗೆ ಹೋದವರು ಒಬ್ಬರಿದ್ದಾರೆ, ಕಾರ್ಲ್ ಡಾಲ್ಕಿ. ಅಮೆರಿಕದ ಅಂಧ ಪ್ರೋಗ್ರಾಮರ್. ಪರದೆಯ ತುಂಬ ಚೆಲ್ಲಿದ ಪುಟವನ್ನು ಓದುವ ಯಂತ್ರ ಗೊಣಗುತ್ತ ಹೋದರೆ ಕಿವಿಗೆ ಹಿಂಸೆ. ಸಾಲು ಸಾಲಾಗಿ, ಕೇಳಿದಾಗ ಕೇಳಿದಷ್ಟೇ ಹೇಳುವ ಬ್ರೌಸರ್ ಬೇಕೆಂದು ಎಡ್‌ಬ್ರೌಸ್ ಬರೆದರು. ಮೊದಲು ಪರ್ಲ್ ಭಾಷೆಯಲ್ಲಿ, ಆಮೇಲೆ ಸಿ ಭಾಷೆಯಲ್ಲಿ. ಬ್ಯಾಂಕು, ಅಂಗಡಿ, ಎಲ್ಲದರ ಬಾಗಿಲಲ್ಲೂ ಜಾವಾಸ್ಕ್ರಿಪ್ಟ್ ಕಾವಲು ನಿಂತಾಗ ಅದನ್ನೂ ಒಳಗೆ ಸೇರಿಸಿದರು. ಎಂಜಿನ್ ಎರಡು ಸಲ ಬದಲಾಯಿತು: ಮೊಜಿಲ್ಲಾದ ಸ್ಪೈಡರ್‌ಮಂಕಿ, ಅದಾದ ಮೇಲೆ ಡಕ್‌ಟೇಪ್, ಕೊನೆಗೆ ಬೆಲಾರ್ ಅವರ ಕ್ವಿಕ್‌ಜೆಎಸ್. ಕಣ್ಣಿಲ್ಲದವರೊಬ್ಬರು, ಕಣ್ಣಿದ್ದವರು ತಮ್ಮ ಕಣ್ಣಿಗೆಂದೇ ಬರೆದ ಸ್ಕ್ರಿಪ್ಟುಗಳಿಗೆ ವರ್ಷಗಟ್ಟಲೆ ಕಿವಿ ಕಟ್ಟಿಕೊಟ್ಟಿದ್ದಾರೆ.

ಇದನ್ನು ನಮ್ಮ ಓಣಿಯ ಸಂಗೀತ ಮಾಸ್ತರರಿಗೆ ಹೇಳಿದೆ. ಅವರಿಗೂ ಕಣ್ಣಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು, ಹಾರ್ಮೋನಿಯಂ ಕೈಗೆ ಬಂದರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಮಾತಾಡುವ ಫೋನು ಇಟ್ಟುಕೊಂಡಿದ್ದಾರೆ. ಡ್ಯಾಮಿನ ಅದೇ ಪುಟವನ್ನು ಅವರೂ ತೆರೆದಿದ್ದರಂತೆ. ‘ಏನಂತು ಗೊತ್ತೇನ್ರಿ? ಬಟನ್. ಬಟನ್. ಹೆಸರಿಲ್ಲದ ಬಟನ್. ಗ್ರಾಫಿಕ್. ಮತ್ತ ಬಟನ್. ನೀರು ಅನ್ನೋ ಮಾತೇ ಬರಲಿಲ್ಲ.’ ಆಮೇಲೆ ನಕ್ಕು, ‘ಕಣ್ಣಿದ್ದವ್ರಿಗೆ ಕನಕಗಿರಿ ಅಂದ್ರು, ಕಾಲಿದ್ದವ್ರಿಗೆ ಹಂಪಿ ಅಂದ್ರು. ಕಿವಿ ಇದ್ದವ್ರಿಗೆ ಯಾವೂರಂತ ಯಾರೂ ಹೇಳಲಿಲ್ಲ ನೋಡ್ರಿ’ ಎಂದರು. ನನ್ನ ಹಳೇ ಯಂತ್ರದ ಒಣ ಜಂಭ ಅಲ್ಲಿ ಸ್ವಲ್ಪ ಇಳಿಯಿತು. ನಾನು ಕರೀ ಪರದೆ ಬಿಟ್ಟು ಮನೆಯಾಕೆಯ ಮೊಬೈಲು ಎತ್ತಿಕೊಂಡರೆ ಎರಡು ನಿಮಿಷದಲ್ಲಿ ನೀರು ಕಾಣುತ್ತದೆ. ಮಾಸ್ತರರಿಗೆ ಆ ದಾರಿಯಿಲ್ಲ. ಬಟನ್ನಿಗೊಂದು ಹೆಸರು ಬರೆಯುವುದು ಪುಟ ಮಾಡಿದವನಿಗೆ ಅರ್ಧ ನಿಮಿಷದ ಕೆಲಸ. ಅವನು ಅದನ್ನು ಉಳಿಸಿಕೊಂಡದ್ದಕ್ಕೆ ಈ ಕಡೆ ಇಷ್ಟೊಂದು ಜನರ ರಾತ್ರಿಗಳು ಹೋಗುತ್ತಿವೆ ಎಂದು ಅಳಿಯನ ಕೆಂಪು ಕಣ್ಣು ನೋಡಿ ಅನ್ನಿಸಿತು.

ಮೂರನೆಯ ರಾತ್ರಿ, ಶನಿವಾರ, ಬೀಗರು ಕಡೆಗೂ ಬಾಯಿ ಬಿಟ್ಟರು. ಮೊದಲು ಹೇಳಿದ್ದು ನೀರಿನ ಮಟ್ಟ ಅಲ್ಲ, ‘ಸುಸ್ವಾಗತ’. ಪರದೆಯ ಮೇಲ್ತುದಿಯಲ್ಲಿ ಬಲದಿಂದ ಎಡಕ್ಕೆ ಹರಿಯುವ ಸ್ವಾಗತ. ಸೆಕೆಂಡಿಗೆ ಹತ್ತು ಸಲ ಸ್ಕ್ರಿಪ್ಟು ಪದದ ಮುಂದಿನ ತುದಿಯಿಂದ ಒಂದು ಅಕ್ಷರ ಕಿತ್ತು ಹಿಂದಕ್ಕೆ ಅಂಟಿಸಬೇಕು, ಅಷ್ಟೇ ಅದರ ಕಸುಬು. ಆದರೆ ಅದು ಅಕ್ಷರ ಎಂದುಕೊಂಡದ್ದು ಅಕ್ಷರವಲ್ಲ. ‘ಸುಸ್ವಾಗತ’ ನಮ್ಮ ಬಾಯಿಗೆ ನಾಲ್ಕಕ್ಷರ. ಜಾವಾಸ್ಕ್ರಿಪ್ಟನ್ನು ಕೇಳಿದರೆ ಎಂಟು ಎನ್ನುತ್ತದೆ. ಸ ಬೇರೆ, ಅದರ ಕೊಂಬು ಬೇರೆ, ಇನ್ನೊಂದು ಸ, ಅದರ ವಿರಾಮ, ವ, ಅದರ ದೀರ್ಘ, ಹೀಗೆ. ಮೊದಲ ಸ ಕಿತ್ತೊಡನೆ ಕೊಂಬು ಒಂಟಿಯಾಗಿ ಚುಕ್ಕಿಚುಕ್ಕಿ ವೃತ್ತಕ್ಕೆ ಜೋತುಬಿತ್ತು. ಮುಂದಿನ ಏಟಿಗೆ ‘ಸ್ವಾಗತ’ ಎಂದು ಚೆನ್ನಾಗಿಯೇ ಬಂತು. ಅದರ ಮುಂದಿನದಕ್ಕೆ ತಲೆಯಿಲ್ಲದ ಒತ್ತು. ಆಮೇಲೆ ‘ವಾಗತ’. ನೋಡುತ್ತ ಕೂತರೆ ಯಾರೋ ಬಾಗಿಲಲ್ಲಿ ನಿಂತು ತೊದಲುತ್ತ ಕರೆಯುತ್ತಿರುವಂತೆ ಇತ್ತು.

ಕನ್ನಡಕ್ಕೆ ಕರೀ ಪರದೆಯ ಕಾಟ ಮೊದಲೇ ಇದೆ. ಅದು ಒಂದು ಅಕ್ಷರಕ್ಕೆ ಒಂದು ಖಾನೆ ಎಂದು ನಂಬಿದ ಇಂಗ್ಲಿಷ್ ಜನ ಕಟ್ಟಿದ ಜಾಗ. ಒತ್ತಕ್ಷರ ಖಾನೆಯ ಕೆಳಗೆ ಇಳಿಯುವುದು ಅದಕ್ಕೆ ತಿಳಿಯದು, ಪಕ್ಕದ ಖಾನೆಗೆ ತಳ್ಳುತ್ತದೆ. ಒಮ್ಮೆ ಬೇಸರದಲ್ಲಿ ನಮ್ಮ ಜಿಲ್ಲೆಯ ಏಳೂ ತಾಲ್ಲೂಕಿನ ಹೆಸರು ಬರೆದು ನೋಡಿದ್ದೆ. ಕನಕಗಿರಿ, ಗಂಗಾವತಿ, ಕಾರಟಗಿ, ಕುಕನೂರು ಈ ನಾಲ್ಕರಲ್ಲಿ ಒತ್ತೇ ಇಲ್ಲ. ಒಂದಿಷ್ಟು ಮೈ ಒತ್ತಿಕೊಂಡರೂ ಓದಿಸಿಕೊಂಡವು. ಕೊಪ್ಪಳದ ಪ ಜಾರಿ ಪಕ್ಕಕ್ಕೆ ಬಿತ್ತು. ಕುಷ್ಟಗಿ ನಡು ಮುರಿದುಕೊಂಡಿತು. ಯಲಬುರ್ಗಾದ ಅರ್ಕಾವತ್ತಿನ ಗತಿ ಕೇಳಬೇಡಿ. ತಿರುಳ್ಗನ್ನಡದ ಸೀಮೆಯೆಂದು ‘ಕವಿರಾಜಮಾರ್ಗ’ ಹೆಸರಿಸಿದ ಊರುಗಳಲ್ಲಿ ನಮ್ಮ ಕೊಪಣವೂ ಒಂದು. ಆಗ ಅದರಲ್ಲಿ ಒತ್ತು ಇರಲಿಲ್ಲ. ಒಂಬತ್ತನೆಯ ಶತಮಾನದವರಿಗೆ ಟರ್ಮಿನಲ್ಲಿನ ಮುನ್ಸೂಚನೆ ಇತ್ತೋ ಏನೋ.

ಸ್ವಾಗತ ಹರಿಯುತ್ತಲೇ ಇತ್ತು. ಕೆಳಗೆ ‘ನೀರಿನ ಮಟ್ಟ’ ಎಂದು ಬಂದು ಮುಂದೆ ಎರಡು ಅಡ್ಡಗೆರೆ. ಅಂಕಿ ಇಲ್ಲ. ಅಳಿಯ ಬೀಗರ ಗಂಟುಮೂಟೆ ಬಿಚ್ಚಿ ನೋಡಿದ. ಅಂಕಿಯನ್ನು ಅಕ್ಷರದಲ್ಲಿ ಬರೆಯುವ ಯೋಚನೆಯೇ ಆ ಪುಟಕ್ಕಿಲ್ಲ. ಡ್ಯಾಮಿನ ಒಂದು ಚಿತ್ರ, ಅದರೊಳಗೆ ನೀಲಿ ನೀರು ಅಲೆ ಹೊಡೆಯುತ್ತ ಮೇಲೇರಿ ನಿಲ್ಲಬೇಕು, ಆ ಅಲೆಯ ಮೇಲೆ ಸಂಖ್ಯೆ ತೇಲಬೇಕು. ಅದಕ್ಕೆ ಚಿತ್ರ ಬಿಡಿಸುವ ಕ್ಯಾನ್ವಾಸು ಬೇಕು. ಕರೀ ಪರದೆಯಲ್ಲಿ ಕ್ಯಾನ್ವಾಸು ಎಲ್ಲಿಂದ ತರುವುದು? ಅಳಿಯ ಕುರ್ಚಿಗೆ ಒರಗಿ ಮಾಳಿಗೆ ನೋಡತೊಡಗಿದ. ಅಷ್ಟು ಹೊತ್ತಿಗೆ ಟಿವಿಯಲ್ಲಿ ಸುದ್ದಿ: ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನ ನಡುವೆಯೇ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಹತ್ತೊಂಬತ್ತನೇ ಗೇಟಿನ ಬಾಯಿ ಮುಚ್ಚಿತ್ತು. ಅವರಿಗೂ ಒಂದು ವಾರ ಹಿಡಿದಿತ್ತು.

‘ಆತ್ಲೇ, ಮಲಕ್ಕೋ’ ಎಂದೆ.

ಅವನು ಮಲಗಲಿಲ್ಲ. ಹತ್ತು ನಿಮಿಷ ಏನೋ ಕೆದಕಿ ಒಮ್ಮೆಲೇ ‘ಥೂ!’ ಎಂದ. ಇಷ್ಟೆಲ್ಲ ಬೀಗರ ದಂಡು, ಆ ಅಲೆ, ಆ ಸುಸ್ವಾಗತ, ಎಲ್ಲ ಮಾಡುತ್ತಿದ್ದದ್ದು ಒಂದೇ ಕೆಲಸ: ಬೇರೊಂದು ವಿಳಾಸದಿಂದ ಒಂದು ಪುಟ್ಟ ಕಡತ ತರುವುದು. ಅದರಲ್ಲಿ ನಾಲ್ಕೇ ಸಂಖ್ಯೆ. ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು. ಅದು ಬರೀ ಪಠ್ಯ. ಅಶೋಕನ ಬಂಡೆಯಷ್ಟೇ ಸರಳ.

ಕಾಲೇಜಿನ ಬ್ರೌಸರನ್ನು ಮುಚ್ಚಿ ನನ್ನ ಇಲಿಂಕ್ಸ್ ತೆರೆದ. ಟೆಕ್ಸ್ಟ್ ಬ್ರೌಸರಿಗೆ ಸ್ಕ್ರಿಪ್ಟು ಸೇರಿಸುವುದಕ್ಕೆ ಇನ್ನೊಂದು ಅರ್ಥವೂ ಇದೆ ಎಂಬುದು ನನಗೆ ಆಗ ತಿಳಿದದ್ದು. ಪುಟದ ಕಡೆಯವರ ಸ್ಕ್ರಿಪ್ಟು ಬಂದು ನಮ್ಮ ಮನೆಯಲ್ಲಿ ಅಧಿಕಾರ ನಡೆಸುವುದು ಒಂದು ಬಗೆ. ಓದುವವನು ತನಗೆ ಬೇಕಾದಂತೆ ನಾಲ್ಕು ಸಾಲು ಬರೆದು, ಬಂದ ಪುಟವನ್ನು ಪರದೆಗೆ ಇಡುವ ಮುಂಚೆ ತನ್ನ ರುಚಿಗೆ ಒಗ್ಗರಣೆ ಹಾಕಿಕೊಳ್ಳುವುದು ಇನ್ನೊಂದು. ಇಲಿಂಕ್ಸಿನಲ್ಲಿ ಈ ಎರಡನೆಯದಕ್ಕೆ ಲುವಾ, ಪರ್ಲ್, ಪೈಥಾನ್, ರೂಬಿ, ಗೈಲ್ ಮುಂತಾದ ಭಾಷೆಗಳ ಕೊಕ್ಕೆ ಇಟ್ಟಿದ್ದಾರೆ. ವಿಳಾಸ ಒತ್ತಿದ ಕೂಡಲೇ ಒಂದು ಕೊಕ್ಕೆ, ಪುಟ ಬಂದು ಅಚ್ಚಾಗುವ ಮುಂಚೆ ಒಂದು, ಬ್ರೌಸರ್ ಮುಚ್ಚುವಾಗ ಒಂದು. ಮೊದಲನೆಯದು ಬೀಗರು, ಎರಡನೆಯದು ಮನೆಯ ಆಳು. ನಾನು ಮೂರು ದಿನದಿಂದ ಬೀಗರ ಕಾಲು ಹಿಡಿದು ಕೂತಿದ್ದೆ, ಆಳು ಹಿತ್ತಿಲಲ್ಲಿ ಸುಮ್ಮನೆ ಬೀಡಿ ಸೇದುತ್ತ ನಿಂತಿದ್ದ.

ಅಳಿಯ ಪೈಥಾನಿನಲ್ಲಿ ಐದು ಸಾಲು ಬರೆದ. ವಿಳಾಸದ ಜಾಗದಲ್ಲಿ ‘ಡ’ ಎಂದು ಒಂದಕ್ಷರ ಒತ್ತಿದರೆ ನಾಲ್ಕು ಸಂಖ್ಯೆ ಬರುತ್ತವೆ, ಒಂದರ ಕೆಳಗೊಂದು. ಮಾಸ್ತರರ ಫೋನಿಗೂ ಅದೇ ಐದು ಸಾಲು ಹಾಕಿ, ಸಂಖ್ಯೆ ಬಂದ ಕೂಡಲೇ ಕನ್ನಡದಲ್ಲಿ ಓದಿ ಹೇಳುವಂತೆ ಆರನೆಯ ಸಾಲು ಸೇರಿಸಿಕೊಟ್ಟ. ಬಂದ ದನಿ ಮೂಗು ಕಟ್ಟಿದವನಂತೆ ಇತ್ತು. ಮಾಸ್ತರರು ಎರಡು ಸಲ ಕೇಳಿ, ‘ಶ್ರುತಿ ಇಲ್ಲ, ಆದ್ರ ಲೆಕ್ಕ ಬರೋಬ್ಬರಿ ಐತಿ’ ಎಂದರು.

ಭಾನುವಾರ ಬೆಳಿಗ್ಗೆ ಅಳಿಯ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟು ನಿಂತಿದ್ದ. ಎದುರುಮನೆಯ ಗೌಡರು ಕಟ್ಟೆಯ ಮೇಲೆ ಹಲ್ಲು ತಿಕ್ಕುತ್ತ ಕೇಳಿದರು, ‘ಎಷ್ಟೈತ್ರೀ ಮ್ಯಾಸ್ತರ?’ ನಾನು ಮೇಷ್ಟರಲ್ಲ, ಆದರೂ ಲ್ಯಾಪ್‌ಟಾಪ್ ಇಟ್ಟುಕೊಂಡವರೆಲ್ಲ ಅವರಿಗೆ ಮ್ಯಾಸ್ತರೇ. ಹೆಮ್ಮೆಯಿಂದ ‘ಡ’ ಒತ್ತಿದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಂತು. ದಶಾಂಶ ಸಮೇತ ಓದಿ ಹೇಳಿದೆ.

ಗೌಡರು ಬಾಯಿ ಮುಕ್ಕಳಿಸಿ ಉಗುಳಿದರು. ‘ಅದು ರಾತ್ರಿ ಟಿವ್ಯಾಗ ಹೇಳಿದ್ರು ಬಿಡ್ರಿ. ಎರಡನೇ ಬೆಳಿಗೆ ನೀರು ಬಿಡ್ತಾರೋ ಇಲ್ಲೋ? ಅದನ್ನ ಕೇಳ್ರಿ ನಿಮ್ ಡಬ್ಬಿಗೆ.’

ನಾನು ಅಳಿಯನ ಮುಖ ನೋಡಿದೆ. ಅವನು ಒಂದು ಕ್ಷಣ ಯೋಚಿಸಿ, ಹೆಗಲಿನ ಚೀಲ ಕೆಳಗಿಳಿಸಿದ.